ಗೊಮ್ಮಟಸಾರದ ಅಕ್ಷರಸಂಖ್ಯೆಯೂ ಅದರಲ್ಲಡಗಿದ ಅವಿಭಾಜ್ಯಗಳೂ

ಹಾಸನದ ಸೀಮೆಗೆ ಪಡುವಲಲ್ಲಿ ಸಕಲೇಶಪುರ ಆಲೂರುಗಳ ಬೆಟ್ಟಸಾಲು, ಮೂಡಲಲ್ಲಿ ಶ್ರವಣಬೆಳ್ಗೊಳದ ಬೋಳುಬಂಡೆ. ಒಂದು ಕಡೆ ಹೇಮಾವತಿಯ ನೀರೂ ಅಡವಿಯೂ, ಇನ್ನೊಂದು ಕಡೆ ಬಿಸಿಲೂ ಕಲ್ಲೂ. ನೋಟಕ್ಕೆ ಇವೆರಡೂ ಬೇರೆ ಬೇರೆ ನಾಡುಗಳಂತಿದ್ದರೂ ಹತ್ತನೆಯ ಶತಮಾನದ ಕೊನೆಯಲ್ಲಿ ಇವನ್ನು ಒಂದೇ ವಿದ್ಯಾಪರಂಪರೆಯು ಕೂಡಿಸಿತ್ತು. ಸಕಲೇಶಪುರದ ಬೆಟ್ಟಗಳಿಗೆ ಬಡಗಲಲ್ಲಿ, ಮೂಡಿಗೆರೆಯ ತಾಲ್ಲೂಕಿಗೆ ಸೇರಿದ ಅಂಗಡಿಯೆಂಬ ಊರೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಅಲ್ಲಿ ಸುಮಾರು ಕ್ರಿ. ಶ. ೯೯೦ರಲ್ಲಿ ವಿಮಲಚಂದ್ರ ಪಂಡಿತನೆಂಬ ಜೈನಮುನಿಯು ಸಮಾಧಿಯನ್ನು ಹೊಂದಿದುದನ್ನು ಶಾಸನವು ತಿಳಿಸುತ್ತದೆ. ಅದಕ್ಕೆ ಹತ್ತು ವರ್ಷಗಳಷ್ಟು ಮೊದಲು, ಸುಮಾರು ೯೮೧ರಲ್ಲಿ, ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನು ಬೆಳ್ಗೊಳದ ದೊಡ್ಡ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದನು. ಆ ತಲೆಮಾರು ಬಿಟ್ಟುಹೋದ ಶಿಲಾಸ್ಮಾರಕವನ್ನು ಅರಿಯದವರಿಲ್ಲ. ಅದೇ ತಲೆಮಾರು ಓಲೆಗರಿಗಳಲ್ಲಿ ಬಿಟ್ಟುಹೋದ ಮತ್ತೊಂದು ಸ್ಮಾರಕವು ಇಪ್ಪತ್ತು ಅಂಕಗಳ ಒಂದು ಸಂಖ್ಯೆ. ಅದರ ಸ್ವರೂಪವನ್ನೂ ಅದು ಕೆಡದೆ ಉಳಿದುಬಂದ ಬಗೆಯನ್ನೂ ಕನ್ನಡದ ವಿದ್ವಾಂಸರು ಅರಿಯುವುದು ಯುಕ್ತ.

ಚಾವುಂಡರಾಯನ ಗುರುಗಳಲ್ಲೊಬ್ಬನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಆತನ ನಿಮಿತ್ತವಾಗಿ ಪ್ರಾಕೃತಗಾಥೆಗಳಲ್ಲಿ ಗೊಮ್ಮಟಸಾರವನ್ನು ರಚಿಸಿದನು. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳುಳ್ಳ ಈ ಗ್ರಂಥವು ಹಿಂದಿನ ಸಿದ್ಧಾಂತಗಳ ಸಾರಸಂಗ್ರಹವಾದುದರಿಂದ, ಇದರಲ್ಲಿ ಬರುವ ಲೆಕ್ಕಗಳೆಲ್ಲ ನೇಮಿಚಂದ್ರನೊಬ್ಬನ ಕಲ್ಪನೆಯೆಂದು ಹೇಳಲಾಗದು. ಜೀವಕಾಂಡದಲ್ಲಿ ಶ್ರುತಜ್ಞಾನವನ್ನು ನಿರೂಪಿಸುವ ಪ್ರಕರಣದಲ್ಲಿ ಅಕ್ಷರಗಳ ಎಣಿಕೆಯು ಬರುತ್ತದೆ. ವ್ಯಂಜನಗಳು ೩೩, ಒಂಬತ್ತು ಸ್ವರಗಳು ಹ್ರಸ್ವ ದೀರ್ಘ ಪ್ಲುತಗಳೆಂದು ಮೂರು ಮೂರಾಗಿ ೨೭, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯಗಳೆಂಬ ಯೋಗವಾಹಗಳು ೪, ಒಟ್ಟು ೬೪ ಮೂಲವರ್ಣಗಳು. ಇವು ಒಂಟಿಯಾಗಿಯೂ ಎರಡೆರಡಾಗಿಯೂ ಮೂರು ಮೂರಾಗಿಯೂ ಹೀಗೆಯೇ ಅರುವತ್ತನಾಲ್ಕೂ ಕೂಡಿಯೂ ಎಷ್ಟು ಸಂಯೋಗಗಳಾದಾವು ಎಂಬುದೇ ಪ್ರಶ್ನೆ.

ಉತ್ತರವನ್ನು ಪಡೆವ ರೀತಿಯು ಅತ್ಯಂತ ಸರಳ. ಅರುವತ್ತನಾಲ್ಕನ್ನು ಬಿಡಿಬಿಡಿಯಾಗಿ ಹರಡಿ, ಒಂದೊಂದರ ಮೇಲೂ ಎರಡನ್ನು ಇಟ್ಟು, ಆ ಎರಡುಗಳನ್ನೆಲ್ಲ ಪರಸ್ಪರ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆಯಬೇಕು. ಹೀಗೆ ಹರಡುವುದಕ್ಕೆ ವಿರಲನವೆಂದು ಹೆಸರು. ಎರಡನ್ನೇ ಇಡುವುದೇಕೆಂದರೆ, ಯಾವ ಸಂಯೋಗದಲ್ಲಿಯಾದರೂ ಒಂದು ವರ್ಣವು ಇರುವುದು ಅಥವಾ ಇಲ್ಲದಿರುವುದು ಎಂಬ ಎರಡೇ ಗತಿಗಳುಂಟು. ಒಂದನ್ನು ಕಳೆಯುವುದೇಕೆಂದರೆ, ಯಾವ ವರ್ಣವೂ ಇಲ್ಲದ ಶೂನ್ಯಸಂಯೋಗವು ಅಕ್ಷರವೆನಿಸದು. ಅ, ಇ, ಉ ಎಂಬ ಮೂರನ್ನೇ ತೆಗೆದುಕೊಂಡರೆ ಎರಡನ್ನು ಮೂರು ಸಲ ಗುಣಿಸಿ ೮, ಒಂದನ್ನು ಕಳೆದು ೭: ಒಂಟಿ ಮೂರು, ಜೋಡಿ ಮೂರು, ಮೂರೂ ಕೂಡಿದುದು ಒಂದು. ಅರುವತ್ತನಾಲ್ಕು ವರ್ಣಗಳಿಗೆ ಇದೇ ಕ್ರಮದಿಂದ ಬರುವ ಸಂಖ್ಯೆಯು ೧೮೪೪೬೭೪೪೦೭೩೭೦೯೫೫೧೬೧೫. ಸುಮಾರು ೮೫೦ರಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಹೇಳಿದ ಇಪ್ಪತ್ತನಾಲ್ಕು ಸ್ಥಾನಗಳ ಪಟ್ಟಿಗೆ ಇದನ್ನು ಹೊಂದಿಸಿದರೆ ಮೊದಲಂಕವು ಮಹಾಶಂಖವೆಂಬ ಇಪ್ಪತ್ತನೆಯ ಸ್ಥಾನದಲ್ಲಿ ನಿಲ್ಲುತ್ತದೆ.

ಎರಡನ್ನು ಅರುವತ್ತನಾಲ್ಕು ಸಲ ಗುಣಿಸುವ ಶ್ರಮವನ್ನು ಸಿದ್ಧಾಂತಿಗಳು ವರ್ಗಧಾರೆಯಿಂದ ತಪ್ಪಿಸಿದರು. ನೇಮಿಚಂದ್ರನ ತ್ರಿಲೋಕಸಾರದಲ್ಲಿ ದ್ವಿರೂಪವರ್ಗಧಾರೆಯೆಂಬ ಸಂಖ್ಯಾಶ್ರೇಣಿಯುಂಟು. ಎರಡರ ವರ್ಗ ೪, ಅದರ ವರ್ಗ ೧೬, ಅದರ ವರ್ಗ ೨೫೬, ಮುಂದೆ ೬೫೫೩೬, ಮುಂದೆ ೪೨೯೪೯೬೭೨೯೬, ಅದರ ಮುಂದಿನದು ೧೮೪೪೬೭೪೪೦೭೩೭೦೯೫೫೧೬೧೬. ಕೊನೆಯ ಮೂರಕ್ಕೆ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಹೆಸರುಗಳು. ಅರುವತ್ತೈದು, ನಲವತ್ತೆರಡು, ಒಂದು ಮತ್ತು ಎಂಟು ಎಂದು ಆಯಾ ಸಂಖ್ಯೆಯ ಮೊದಲ ಅಂಕಗಳೇ ಅದರ ಹೆಸರಾದುವು. ಆರೇ ಸಲ ವರ್ಗಿಸಿದರೆ ಏಕಟ್ಠಿಯು ದೊರೆಯುತ್ತದೆ. ಅದರಲ್ಲಿ ಒಂದು ಕಡಮೆಯಾದುದೇ ಶ್ರುತದ ಅಕ್ಷರಸಂಖ್ಯೆ.

ಈ ಕ್ರಮವನ್ನು ಹಿಂದಿರುಗಿಸಿ ನೋಡುವುದಕ್ಕೂ ಅವರಲ್ಲಿ ಪರಿಭಾಷೆಯಿತ್ತು. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದು ಅರ್ಧಚ್ಛೇದ. ಎರಡರಿಂದ ತೊಡಗಿ ಎಷ್ಟು ಸಲ ವರ್ಗಿಸಿದರೆ ಆ ಸಂಖ್ಯೆಯು ಬರುವುದೋ ಅದು ವರ್ಗಶಲಾಕೆ. ಏಕಟ್ಠಿಗೆ ಅರ್ಧಚ್ಛೇದಗಳು ೬೪, ವರ್ಗಶಲಾಕೆಗಳು ೬. ಮಲೆಸೀಮೆಯಲ್ಲಿ ಕಾಫಿ ಏಲಕ್ಕಿಗಳ ವ್ಯಾಪಾರ ಮಾಡುತ್ತಿದ್ದವರಿಗೆ ಅರ್ಧಿಸುವ ಈ ಲೆಕ್ಕವು ಹೊಸದೆನಿಸುತ್ತಿರಲಿಲ್ಲ. ೧೯೫೭ರಲ್ಲಿ ದಶಮಾಂಶದ ನಾಣ್ಯವು ಬರುವವರೆಗೆ ರೂಪಾಯಿಯನ್ನು ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ, ಅರ್ಧಾಣೆ, ಕಾಲಾಣೆ ಎಂದು ಆರು ಸಲ ಅರ್ಧಿಸಿದರೆ ಅರುವತ್ತನಾಲ್ಕನೆಯ ಪಾಲಾದ ಪೈಸೆಯು ಕೈಗೆ ಬರುತ್ತಿತ್ತು. ಹದಿನಾರನೆಯ ಪಾಲಿಗೆ ವೀಸ, ಅರುವತ್ತನಾಲ್ಕನೆಯ ಪಾಲಿಗೆ ಕಾಣಿ ಎಂಬ ಕನ್ನಡದ ಹಳೆಯ ಮಾತುಗಳೂ ಇದೇ ದಾರಿಯವು. ಅಂಗಡಿಯ ಲೆಕ್ಕದಲ್ಲಿ ಆರು ಹೆಜ್ಜೆ ಇಳಿದು ಕಾಣಿಯಾಗುವುದನ್ನು ಸಿದ್ಧಾಂತದ ಲೆಕ್ಕವು ಬೇರೊಂದು ಎತ್ತರಕ್ಕೆ ಏರಿಸಿತು.

ಇಷ್ಟು ದೊಡ್ಡ ಸಂಖ್ಯೆಯನ್ನು ಗಾಥೆಯಲ್ಲಿ ಅಡಗಿಸಿದ ರೀತಿಯು ಪಾಠಪರಿಶೋಧಕರಿಗೆ ಗಮನಾರ್ಹವಾದುದು. ಸಂಸ್ಕೃತದ ಜ್ಯೋತಿಷಗ್ರಂಥಗಳಲ್ಲಿ ಅಂಕಗಳು ಬಲದಿಂದ ಎಡಕ್ಕೆ ನಡೆಯುವುದು ವಾಡಿಕೆ. ಈ ಗಾಥೆಯಾದರೋ ಒಂದು, ಎಂಟು, ನಾಲ್ಕು, ನಾಲ್ಕು ಎಂದು ಎಡದ ಹಿರಿಯ ಸ್ಥಾನದಿಂದಲೇ ತೊಡಗುತ್ತದೆ. ಅದಕ್ಕಿಂತ ಮುಖ್ಯವಾದುದು ನಾಲ್ಕೆಂಬ ಅಂಕದ ಬಗೆ. ಛಂದಸ್ಸಿನ ಇಕ್ಕಟ್ಟಿನಿಂದಾಗಿ ನಾಲ್ಕನ್ನು ಅದರ ಆದ್ಯಕ್ಷರವಾದ ಚಕಾರದಿಂದಲೇ ಸೂಚಿಸಿದೆ. ಪ್ರಾಕೃತದಲ್ಲಿ ಚಕಾರಕ್ಕೆ ಸಮುಚ್ಚಯಾರ್ಥವೂ ಉಂಟು. ಅದೇ ಗಾಥೆಯ ಕೊನೆಯ ಚಕಾರವು ಸಮುಚ್ಚಯವೇ ಹೊರತು ನಾಲ್ಕಲ್ಲ. ಹೀಗಾಗಿ ವ್ಯಾಕರಣವನ್ನಷ್ಟೇ ನೆಚ್ಚಿದ ಓದುಗನು ನಾಲ್ಕು ಅಂಕಗಳನ್ನು ಸಮುಚ್ಚಯವೆಂದು ಬಿಟ್ಟುಬಿಡಬಹುದು. ಲಿಪಿಕಾರನು ಒಂದು ಚಕಾರವನ್ನು ಪುನರುಕ್ತಿಯೆಂದು ಕಳೆಯಬಹುದು. ಅರ್ಥಪ್ರಧಾನವಾದ ಪದ್ಯದಲ್ಲಿ ತಪ್ಪು ನುಸುಳಿದರೆ ಪ್ರಕರಣದಿಂದ ತಿದ್ದಬಹುದು. ಅಂಕಗಳ ಸಾಲಿನಲ್ಲಿ ಪ್ರಕರಣವೆಂಬುದು ಏನು? ನಾಲ್ಕರ ಬದಲು ಏಳಿದ್ದರೂ ವಾಕ್ಯವು ಕೆಡುವುದಿಲ್ಲ.

ಆದರೆ ಸಂಖ್ಯೆಗೂ ತನ್ನದೇ ಆದ ಪ್ರಕರಣವುಂಟು. ಮೊದಲ ಸಾಕ್ಷ್ಯವು ಗ್ರಂಥದಲ್ಲಿಯೇ ಇದೆ. ಒಂದು ಮಧ್ಯಮಪದಕ್ಕೆ ೧೬೩೪ ಕೋಟಿ ೮೩ ಲಕ್ಷ ೭ ಸಾವಿರದ ೮೮೮ ಅಕ್ಷರಗಳೆಂದು ಪರಂಪರೆಯು ಹೇಳುತ್ತದೆ. ಅಕ್ಷರಗಳ ಒಟ್ಟು ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಅಂಗಪ್ರವಿಷ್ಟಶ್ರುತದ ಪದಗಳು ೧೧೨ ಕೋಟಿ ೮೩ ಲಕ್ಷ ೫೮ ಸಾವಿರದ ೫ ಆಗುತ್ತವೆ. ಉಳಿದ ೮ ಕೋಟಿ ೧ ಲಕ್ಷ ೮ ಸಾವಿರದ ೧೭೫ ಅಕ್ಷರಗಳು ಅಂಗಬಾಹ್ಯಕ್ಕೆ ಸಲ್ಲುತ್ತವೆ. ಪದಗಳ ಸಂಖ್ಯೆಯನ್ನು ಒಂದು ಪದದ ಅಕ್ಷರಗಳಿಂದ ಗುಣಿಸಿ ಶೇಷವನ್ನು ಕೂಡಿದರೆ ಏಕಟ್ಠಿಗೆ ಒಂದು ಕಡಮೆಯಾದ ಆ ಸಂಖ್ಯೆಯೇ ಬರುತ್ತದೆ, ಒಂದಂಕವೂ ವ್ಯತ್ಯಾಸವಿಲ್ಲ. ನಾಲ್ಕು ದೊಡ್ಡ ಸಂಖ್ಯೆಗಳು ಒಂದನ್ನೊಂದು ಕಾಯುತ್ತ ಬಂದಿವೆ.

ಎರಡನೆಯ ಸಾಕ್ಷ್ಯವು ಸಂಖ್ಯೆಯ ಒಳಗಿನದು. ಅದು ೩, ೧೭ ಇತ್ಯಾದಿಗಳಿಂದ ನಿಶ್ಶೇಷವಾಗಿ ಭಾಗವಾಗಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ. ಇಪ್ಪತ್ತು ಅಂಕಗಳ ಮೊತ್ತವು ೮೭; ಅದು ಮೂರರಿಂದ ಭಾಗವಾಗುತ್ತದೆ. ಒಂದು ಚಕಾರವನ್ನು ಬಿಟ್ಟರೆ ೮೩, ಎರಡನ್ನು ಬಿಟ್ಟರೆ ೭೯, ನಾಲ್ಕನ್ನೂ ಬಿಟ್ಟರೆ ೭೧. ಇವು ಯಾವುವೂ ಮೂರರಿಂದ ಭಾಗವಾಗವು. ಮೂರು ಚಕಾರಗಳನ್ನು ಬಿಟ್ಟಲ್ಲಿ ಮಾತ್ರ ಈ ಪರೀಕ್ಷೆ ಸಾಲದು. ಅಲ್ಲಿ ಮೇಲೆ ಹೇಳಿದ ಭಾಗಹಾರವೇ ತಪ್ಪನ್ನು ಹಿಡಿಯುತ್ತದೆ. ಹದಿನೇಳರ ಪರೀಕ್ಷೆಯು ಇನ್ನೂ ಬಿಗಿಯಾದುದು. ಒಂದು ಅಂಕವು ಬದಲಾದರೆ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸವು ಒಂದರಿಂದ ಒಂಬತ್ತರೊಳಗಿನ ಒಂದಂಕವನ್ನು ಹತ್ತರ ಯಾವುದೋ ಘಾತದಿಂದ ಗುಣಿಸಿದಷ್ಟು. ನೆರೆಯ ಎರಡು ಬೇರೆ ಅಂಕಗಳು ಸ್ಥಾನವನ್ನು ಬದಲಿಸಿಕೊಂಡರೆ ಆ ವ್ಯತ್ಯಾಸವು ಅದರ ಒಂಬತ್ತರಷ್ಟು. ಇವೆರಡರಲ್ಲಿಯೂ ಹದಿನೇಳು ಅಪವರ್ತನವಾಗಲಾರದು. ಆದುದರಿಂದ ಒಂದಂಕದ ತಪ್ಪಾಗಲಿ ನೆರೆಯಂಕಗಳ ಪಲ್ಲಟವಾಗಲಿ ಹದಿನೇಳರ ಕಣ್ಣಿಗೆ ಬೀಳದೆ ಹೋಗದು.

ಇನ್ನು ಈ ಸಂಖ್ಯೆಯ ಅಪವರ್ತನಗಳನ್ನು ವಿಚಾರಿಸಬೇಕು. ಏಕಟ್ಠಿಯು ಬಾದಾಲದ ವರ್ಗ, ಒಂದು ಒಂದರ ವರ್ಗ. ಎರಡು ವರ್ಗಗಳ ಅಂತರವು ಮೂಲಗಳ ಯೋಗವನ್ನೂ ಅಂತರವನ್ನೂ ಗುಣಿಸಿದುದಕ್ಕೆ ಸಮವೆಂಬುದು ಪ್ರಸಿದ್ಧ. ಆದುದರಿಂದ ಅಕ್ಷರಸಂಖ್ಯೆಯು ಬಾದಾಲಕ್ಕೆ ಒಂದನ್ನು ಕೂಡಿದುದು, ಬಾದಾಲದಲ್ಲಿ ಒಂದನ್ನು ಕಳೆದುದು ಎಂಬ ಎರಡರ ಗುಣಲಬ್ಧ. ಕಳೆದುದನ್ನು ಪಣ್ಣಟ್ಠಿಯಿಂದ ಮತ್ತೆ ಹಾಗೆಯೇ ಒಡೆಯಬಹುದು. ವರ್ಗಧಾರೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದುಬಂದರೆ ಕೊನೆಗೆ ಅಕ್ಷರಸಂಖ್ಯೆಯು ೩, ೫, ೧೭, ೨೫೭, ೬೫೫೩೭, ೪೨೯೪೯೬೭೨೯೭ ಎಂಬ ಆರರ ಗುಣಲಬ್ಧವೆಂದು ತೋರುತ್ತದೆ. ಧಾರೆಯ ಸಂಖ್ಯೆಗಳಿಗೆ ಒಂದೊಂದನ್ನು ಕೂಡಿದರೆ ಇವೇ ಆಗುತ್ತವೆ. ಇವುಗಳಲ್ಲಿ ಮೊದಲ ಐದು ಅವಿಭಾಜ್ಯಗಳು, ಎಂದರೆ ತಾವೂ ಒಂದೂ ಹೊರತು ಬೇರೆ ಭಾಜಕವಿಲ್ಲದವು.

ಇದೇ ಶ್ರೇಣಿಯು ಯೂರೋಪಿನಲ್ಲಿ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನಿಂದ ಪ್ರಸಿದ್ಧವಾಯಿತು. ಇವೆಲ್ಲವೂ ಅವಿಭಾಜ್ಯಗಳಾಗಿರಬೇಕೆಂದು ಅವನು ೧೬೪೦ರಲ್ಲಿ ಊಹಿಸಿದನು. ಬಾದಾಲಕ್ಕೆ ಒಂದನ್ನು ಕೂಡಿದಲ್ಲಿಯೇ ಆ ಊಹೆಯು ಮುರಿಯಿತು. ೧೭೩೨ರಲ್ಲಿ ಆಯ್ಲರನು ೪೨೯೪೯೬೭೨೯೭ ಎಂಬುದು ೬೪೧ ಮತ್ತು ೬೭೦೦೪೧೭ ಎಂಬೆರಡರ ಗುಣಲಬ್ಧವೆಂದು ತೋರಿಸಿದನು. ಆ ಬಳಿಕ ಗಣಿತಜ್ಞರು ಶ್ರೇಣಿಯಲ್ಲಿ ಬಹುದೂರ ಹುಡುಕಿದರೂ ಆ ಐದರ ಮುಂದೆ ಮತ್ತೊಂದು ಅವಿಭಾಜ್ಯವು ಇದುವರೆಗೆ ದೊರೆತಿಲ್ಲ.

ಈ ಎರಡು ಅವಿಭಾಜ್ಯಗಳಿಗೂ ಅರುವತ್ತನಾಲ್ಕು ವರ್ಣಗಳಿಗೂ ಇರುವ ನಂಟು ಕಾಕತಾಳೀಯವಲ್ಲ. ೬೪೧ರಿಂದಾಗಲಿ ೬೭೦೦೪೧೭ರಿಂದಾಗಲಿ ಎರಡರ ಘಾತಗಳನ್ನು ಒಂದೊಂದಾಗಿ ಭಾಗಿಸುತ್ತ ಹೋದರೆ ಶೇಷವು ಮೊದಲ ಸಲ ಒಂದಾಗುವುದು ಅರುವತ್ತನಾಲ್ಕನೆಯ ಘಾತದಲ್ಲಿ. ೩ಕ್ಕೆ ಎರಡನೆಯ, ೫ಕ್ಕೆ ನಾಲ್ಕನೆಯ, ೧೭ಕ್ಕೆ ಎಂಟನೆಯ, ೨೫೭ಕ್ಕೆ ಹದಿನಾರನೆಯ, ೬೫೫೩೭ಕ್ಕೆ ಮೂವತ್ತೆರಡನೆಯ ಘಾತದಲ್ಲಿಯೇ ಅದು ಆಗಿಹೋಗುತ್ತದೆ. ವರ್ಣಮಾಲೆಯು ಮೂವತ್ತೆರಡೇ ಅಕ್ಷರಗಳದಾಗಿದ್ದರೆ ಸಂಯೋಗಗಳ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೇ ಇರುತ್ತಿದ್ದುವು. ೬೪೧ ಮತ್ತು ೬೭೦೦೪೧೭ ಪ್ರವೇಶಿಸುವುದು ಅರುವತ್ತನಾಲ್ಕಕ್ಕೆ ಬಂದಾಗಲೇ. ಈ ಕಾರಣದಿಂದಲೇ ಬಾದಾಲಕ್ಕೆ ಒಂದನ್ನು ಕೂಡಿದ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವಾದರೂ ೬೪ರಿಂದ ಭಾಗಿಸಿದಾಗ ೧ ಉಳಿಯುವಂತಹದೇ ಆಗಿರಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ ೧೯೩, ೨೫೭, ೪೪೯, ೫೭೭, ೬೪೧. ಐದನೆಯದರಲ್ಲಿಯೇ ಭಾಜಕವು ಸಿಕ್ಕಿತು.

೬೭೦೦೪೧೭ ಅವಿಭಾಜ್ಯವೆಂಬುದಕ್ಕೆ ಪ್ರಮಾಣವೇನೆಂದು ಕೇಳಬಹುದು. ಅದರ ವರ್ಗಮೂಲವು ೨೫೮೮ಕ್ಕೂ ೨೫೮೯ಕ್ಕೂ ನಡುವೆ ಇರುವುದರಿಂದ, ಭಾಜಕವಿದ್ದರೆ ೨೫೮೮ರೊಳಗೆ ಒಂದಿರಲೇಬೇಕು. ೧೮೭೮ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ತೋರಿಸಿದಂತೆ ಅಂತಹ ಭಾಜಕವು ೧೨೮ರಿಂದ ಭಾಗಿಸಿದಾಗಲೂ ೧ ಉಳಿಯಬೇಕು. ಈ ಮಿತಿಯೊಳಗೆ ಅಂತಹ ಅವಿಭಾಜ್ಯಗಳು ೨೫೭, ೬೪೧, ೭೬೯, ೧೧೫೩, ೧೪೦೯ ಎಂಬ ಐದೇ. ಇವುಗಳಿಂದ ೬೭೦೦೪೧೭ನ್ನು ಭಾಗಿಸಿದರೆ ಶೇಷಗಳು ಕ್ರಮವಾಗಿ ೧೭೦, ೪೪, ೧೨೦, ೩೩೪, ೬೨೨. ಯಾವುದರಿಂದಲೂ ಅದು ನಿಶ್ಶೇಷವಾಗದು, ಆದುದರಿಂದ ಅವಿಭಾಜ್ಯ. ಎಪ್ಪತ್ತು ಲಕ್ಷಕ್ಕೆ ಸಮೀಪವಾದ ಸಂಖ್ಯೆಯ ಸ್ವಭಾವವು ಐದೇ ಭಾಗಹಾರಗಳಿಂದ ನಿರ್ಣಯವಾಯಿತು.

ಇದಕ್ಕೆ ಮತ್ತೊಂದು ಗುಣವುಂಟು. ೪೦೯ ಮತ್ತು ೨೫೫೬ರ ವರ್ಗಗಳನ್ನು ಕೂಡಿದರೆ ೬೭೦೦೪೧೭ ಆಗುತ್ತದೆ. ಅವಿಭಾಜ್ಯವಾದುದರಿಂದ ಇದನ್ನು ಎರಡು ವರ್ಗಗಳ ಯೋಗವಾಗಿ ಬರೆಯಲು ಬೇರೆ ದಾರಿಯಿಲ್ಲ. ೬೪೧ ಎಂಬುದು ೨೫ ಮತ್ತು ೪ರ ವರ್ಗಗಳ ಯೋಗ. ಇವೆರಡನ್ನು ಬ್ರಹ್ಮಗುಪ್ತನು ೬೨೮ರಲ್ಲಿ ವರ್ಗಪ್ರಕೃತಿಗಾಗಿ ಹೇಳಿದ ಭಾವನಾರೀತಿಯಿಂದ ಗುಣಿಸಬಹುದು. ೨೫ರಿಂದ ೨೫೫೬ನ್ನು ಗುಣಿಸಿ ೬೩೯೦೦, ೪ರಿಂದ ೪೦೯ನ್ನು ಗುಣಿಸಿ ೧೬೩೬. ಇವುಗಳ ಯೋಗವು ೬೫೫೩೬, ಅದೇ ಪಣ್ಣಟ್ಠಿ. ಅಡ್ಡಗುಣಾಕಾರದಿಂದ ೨೫ ಮತ್ತು ೪೦೯ರ ಗುಣಲಬ್ಧ ೧೦೨೨೫, ೪ ಮತ್ತು ೨೫೫೬ರ ಗುಣಲಬ್ಧ ೧೦೨೨೪. ಇವುಗಳ ಅಂತರವು ೧. ಪಣ್ಣಟ್ಠಿಯ ವರ್ಗಕ್ಕೆ ಒಂದರ ವರ್ಗವನ್ನು ಕೂಡಿದರೆ ಬಾದಾಲಕ್ಕೆ ಒಂದು ಹೆಚ್ಚಾದ ಆ ಸಂಖ್ಯೆಯೇ ಸರಿ. ಯೋಗಾಂತರಗಳನ್ನು ಅದಲುಬದಲು ಮಾಡಿದರೆ ೬೨೨೬೪, ೨೦೪೪೯ ಎಂಬ ಮತ್ತೊಂದು ಜೋಡಿಯು ಬರುತ್ತದೆ. ಅವುಗಳ ವರ್ಗಯೋಗವೂ ಅದೇ. ಎರಡು ಬಗೆಯಾಗಿ ವರ್ಗಯೋಗವಾಗುವ ಸಂಖ್ಯೆಯು ಅವಿಭಾಜ್ಯವಾಗಿರಲಾರದೆಂಬ ನಿಯಮಕ್ಕೆ ಇದು ಒಳ್ಳೆಯ ನಿದರ್ಶನ.

ಇಲ್ಲಿ ಚರಿತ್ರಕಾರನು ತನ್ನ ಲೇಖನಿಯನ್ನು ಹಿಡಿದು ನಡೆಯಿಸಬೇಕಾಗುತ್ತದೆ. ಬೆಳ್ಗೊಳದ ಸಿದ್ಧಾಂತಿಗಳು ೬೭೦೦೪೧೭ನ್ನು ಅರಿತಿದ್ದರೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು, ಚರಿತ್ರೆಯಾಗದು. ಗೊಮ್ಮಟಸಾರವು ಅಕ್ಷರಸಂಖ್ಯೆಯನ್ನು ಪದದ ಅಕ್ಷರಗಳಿಂದ ಭಾಗಿಸುತ್ತದೆಯೇ ಹೊರತು ಅದರ ಅವಿಭಾಜ್ಯಗಳನ್ನು ಅರಸುವುದಿಲ್ಲ; ಅದು ಆ ಗ್ರಂಥದ ಪ್ರಯೋಜನವೂ ಅಲ್ಲ. ಆದರೆ ಇದನ್ನೆಲ್ಲ ಬರಿಯ ಭಕ್ತಿಯ ಅತಿಶಯೋಕ್ತಿಯೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಅತಿಶಯೋಕ್ತಿಗೆ ಕೊನೆಯ ಐದು ಸರಿಯಾಗಿ ಬರಬೇಕೆಂಬ ಹಂಗಿಲ್ಲ. ಇಲ್ಲಿ ನಿಯಮವುಂಟು, ನಿಯಮದಿಂದ ಬಂದ ಫಲವುಂಟು, ಫಲವನ್ನು ಪರೀಕ್ಷಿಸುವ ಭಾಗಹಾರವುಂಟು. ಸುಮಾರು ಕ್ರಿ. ಶ. ೧೦೦೦ದಲ್ಲಿ, ಎಂದರೆ ನೇಮಿಚಂದ್ರನ ಕಾಲಕ್ಕೆ ಹತ್ತಿರದಲ್ಲಿಯೇ, ಅಲ್ಬೆರೂನಿಯು ಚದುರಂಗದ ಅರುವತ್ತನಾಲ್ಕು ಮನೆಗಳಲ್ಲಿ ಇಮ್ಮಡಿಯಾಗುತ್ತ ಹೋಗುವ ಕಾಳುಗಳ ಮೊತ್ತವನ್ನು ಲೆಕ್ಕಹಾಕಿ ಇದೇ ಇಪ್ಪತ್ತು ಅಂಕಗಳನ್ನು ಬರೆದಿಟ್ಟನು. ಒಬ್ಬನಿಗೆ ಕಾಳು, ಇನ್ನೊಬ್ಬನಿಗೆ ಅಕ್ಷರ. ಲೆಕ್ಕವು ಎರಡೂ ಕಡೆ ಒಂದೇ.

ಈ ಸಂಖ್ಯೆಯ ಬೀಗಕ್ಕೆ ಬೇಕಾದ ಕೀಲಿಕೈಯು ಭಾರತದಲ್ಲಿಯೇ ಸಿದ್ಧವಾಗಿತ್ತೆಂಬುದು ಮತ್ತೊಂದು ಸಂಗತಿ. ಕ್ರಿ. ಶ. ೧೩೫೬ರಲ್ಲಿ ನಾರಾಯಣಪಂಡಿತನು ಗಣಿತಕೌಮುದಿಯಲ್ಲಿ ಸಂಖ್ಯೆಗಳ ಭಾಜಕಗಳನ್ನು ಕಂಡುಹಿಡಿಯುವುದಕ್ಕೆ ಭಾಗಾದಾನವೆಂಬ ಪ್ರಕರಣವನ್ನೇ ಬರೆದನು. ಸಂಖ್ಯೆಯನ್ನು ಎರಡು ವರ್ಗಗಳ ಅಂತರವಾಗಿ ತಂದು ಒಡೆಯುವುದು ಅಲ್ಲಿಯ ಮುಖ್ಯೋಪಾಯ. ಅದಾಗಿ ಮೂರೇ ವರ್ಷಗಳಿಗೆ, ಶಾಲಿವಾಹನಶಕ ೧೨೮೧ರಲ್ಲಿ, ಎಂದರೆ ೧೩೫೯ರಲ್ಲಿ, ಅಭಯಸೂರಿಯ ಶಿಷ್ಯನಾದ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಮುಗಿಸಿದನು. ವರ್ಗಾಂತರವಾಗಿಯೇ ಹುಟ್ಟಿದ ಸಂಖ್ಯೆಯು ಒಂದು ಗ್ರಂಥದಲ್ಲಿ, ವರ್ಗಾಂತರದಿಂದ ಒಡೆಯುವ ಉಪಾಯವು ಇನ್ನೊಂದರಲ್ಲಿ, ನಡುವೆ ಮೂರು ವರ್ಷ. ಶಾಸ್ತ್ರಗಳು ತಮ್ಮ ತಮ್ಮ ಮಠದ ಗೋಡೆಯೊಳಗೆ ನಿಂತರೆ ಏನು ನಷ್ಟವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ.

ಕೇಶವವರ್ಣಿಯ ವೃತ್ತಿಗೆ ಸಲ್ಲಬೇಕಾದ ಮನ್ನಣೆಯೂ ಬಹುಕಾಲ ತಡವಾಯಿತು. ಸಂಸ್ಕೃತ ಪ್ರಾಕೃತಗಳ ಪರಿಭಾಷೆಯನ್ನು ಕನ್ನಡದ ವಾಕ್ಯದಲ್ಲಿ ಕೂಡಿಸಿ, ಅಂಕಸಂದೃಷ್ಟಿಗಳಿಂದ ಲೆಕ್ಕಗಳನ್ನು ಬಿಡಿಸುವ ಈ ವೃತ್ತಿಯನ್ನು ಆಧಾರವಾಗಿಟ್ಟುಕೊಂಡು ನೇಮಿಚಂದ್ರನೆಂಬ ಹೆಸರಿನ ಬೇರೊಬ್ಬ ವಿದ್ವಾಂಸನು ಸಂಸ್ಕೃತದಲ್ಲಿ ಅದೇ ಹೆಸರಿನ ಟೀಕೆಯನ್ನು ಬರೆದನು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲನ ಭಾಷಾಟೀಕೆಯು ಆ ಸಂಸ್ಕೃತವನ್ನು ಅನುಸರಿಸಿತು. ಉತ್ತರದಲ್ಲಿ ಸಂಸ್ಕೃತಟೀಕೆಯೇ ಕೇಶವವರ್ಣಿಯದೆಂದು ಜನರು ನಂಬಿದುದರಿಂದ ಕನ್ನಡದ ಮೂಲವು ಮರೆಯಾಯಿತು. ಬೆಳಗಾವಿಯ ಸೀಮೆಯ ಸದಲಗದಲ್ಲಿ ಜನಿಸಿದ ಡಾಕ್ಟರ್ ಆ. ನೇ. ಉಪಾಧ್ಯೆಯವರು ಎರಡನ್ನೂ ಹೋಲಿಸಿ, ಕನ್ನಡವೃತ್ತಿಯೇ ಮೂಲವೆಂದೂ ಸಂಸ್ಕೃತವು ಅದನ್ನು ಅವಲಂಬಿಸಿದುದೆಂದೂ ನಿರ್ಣಯಿಸಿದರು. ೧೯೬೭ರಲ್ಲಿ ಶ್ರವಣಬೆಳ್ಗೊಳದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಕೇಶವವರ್ಣಿಯ ಕನ್ನಡವೃತ್ತಿಯು ಭಾರತೀಯ ಜ್ಞಾನಪೀಠದಿಂದ ೧೯೭೮ರಿಂದ ಮೊದಲಾಗಿ ಸಂಪುಟಗಳಾಗಿ ಅಚ್ಚಾಯಿತು.

ಕನ್ನಡಸಾಹಿತ್ಯದ ಚರಿತ್ರೆಯಲ್ಲಿ ಹದಿನಾಲ್ಕನೆಯ ಶತಮಾನವನ್ನು ಪಾಠಹೇಳುವಾಗ ಕಾವ್ಯಗಳಿಗೆ ದೊರೆಯುವ ಸ್ಥಳದಲ್ಲಿ ಒಂದು ಮೂಲೆಯಾದರೂ ಈ ವೃತ್ತಿಗೆ ದೊರೆಯುವುದು ನ್ಯಾಯ. ಒಂದನ್ನು ಅರುವತ್ತನಾಲ್ಕು ಸಲ ಇಮ್ಮಡಿಸಿ ಒಂದನ್ನು ಕಳೆಯುವುದನ್ನು ಹಲಗೆಯ ಮೇಲೆ ಮಾಡಿತೋರಿಸಲು ಅರ್ಧ ಗಂಟೆ ಸಾಕು. ವರ್ಗಧಾರೆಯಿಂದಾದರೆ ಅದಕ್ಕಿಂತ ಕಡಮೆ. ಚಕಾರವು ಎಲ್ಲಿ ನಾಲ್ಕು, ಎಲ್ಲಿ ಸಮುಚ್ಚಯ ಎಂಬುದನ್ನು ವಿದ್ಯಾರ್ಥಿಯು ಆ ಹಲಗೆಯಿಂದಲೇ ನಿರ್ಣಯಿಸಬಲ್ಲನು. ವ್ಯಾಕರಣವು ಕೈಬಿಟ್ಟಲ್ಲಿ ಗಣಿತವು ಪಾಠವನ್ನು ಉಳಿಸಿಕೊಡುವ ಈ ನಿದರ್ಶನವು ಭಾಷೆಯನ್ನು ಕಲಿಸುವವರಿಗೂ ಲೆಕ್ಕವನ್ನು ಕಲಿಸುವವರಿಗೂ ಸಮನಾಗಿ ಸೇರಿದುದು.